ಮೂಲವೋ, ರಿಮೇಕೋ: ಹಳಹಳಿಕೆಯನ್ನು ಅರಿತು ಆರಿಸುವ ಬಗೆ

ಒಂದೇ ಕಥೆ ಮೂರು ನಾಲ್ಕು ಭಾಷೆಗಳಲ್ಲಿ ಸಿನಿಮಾ ಆಗಿರುವಾಗ ಯಾವುದನ್ನು ನೋಡಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಮೂಲದ ಮುಂದೆ ಯಾವುದೂ ನಿಲ್ಲುವುದಿಲ್ಲ ಎನ್ನುವುದು ಒಂದು. ನಮ್ಮ ಭಾಷೆಯಲ್ಲಿ ಬಂದದ್ದೇ ನಮಗೆ ಚೆನ್ನ ಎನ್ನುವುದು ಇನ್ನೊಂದು. ಎರಡನ್ನೂ ಹೇಳುವವರು ಮನಸಾರೆ ಹೇಳುತ್ತಾರೆ, ಆದರೆ ಸ್ವಲ್ಪ ಕೆದಕಿ ಕೇಳಿದರೆ ಇಬ್ಬರೂ ತಾವು ಮೊದಲು ನೋಡಿದ ಚಿತ್ರವನ್ನೇ ಎತ್ತಿ ಹಿಡಿಯುತ್ತಿರುವುದು ತಿಳಿಯುತ್ತದೆ. ನಾನೂ ಬಹಳ ವರ್ಷ ಹಾಗೆಯೇ ಮಾಡಿದ್ದೇನೆ. 2004ರಲ್ಲಿ ದಾವಣಗೆರೆಯ ಚಿತ್ರಮಂದಿರವೊಂದರಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು ‘ಆಪ್ತಮಿತ್ರ’ ನೋಡಿದ ನನಗೆ, ಅದಕ್ಕಿಂತ ಹನ್ನೊಂದು ವರ್ಷ ಮೊದಲೇ ಬಂದಿದ್ದ ಮಲಯಾಳಂ ಚಿತ್ರವೇ ನಕಲಿನಂತೆ ಕಂಡದ್ದುಂಟು. ಹಳಹಳಿಕೆಯ ಕೆಲಸವೇ ಅದು: ಕಾಲಾನುಕ್ರಮವನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನಾವು ಮೊದಲು ಕಂಡದ್ದಕ್ಕೇ ಮೂಲವೆಂಬ ಪಟ್ಟ ಕಟ್ಟಿಬಿಡುತ್ತದೆ.

ಕನ್ನಡಿಗರ ಮಟ್ಟಿಗೆ ಈ ಮಾತಿಗೆ ಹೆಚ್ಚಿನ ತೂಕವಿದೆ. 1960ರ ದಶಕದಿಂದ ಮೊದಲ್ಗೊಂಡು ದಶಕಗಳ ಕಾಲ ಕನ್ನಡ ಚಿತ್ರರಂಗ ಡಬ್ಬಿಂಗ್ ಅನ್ನು ಹೊರಗಿಟ್ಟಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲಷ್ಟೇ ಡಬ್ ಆದ ಚಿತ್ರಗಳು ಮತ್ತೆ ಕಾಣಿಸಿಕೊಳ್ಳತೊಡಗಿದವು. ಈ ನಡುವಿನ ಅವಧಿಯಲ್ಲಿ ನೆರೆಯ ಭಾಷೆಗಳ ಕಥೆಗಳು ನಮ್ಮ ಊರಿನ ಪ್ರೇಕ್ಷಕನಿಗೆ ಕನ್ನಡದಲ್ಲಿ ಸಿಗುತ್ತಿದ್ದುದು ರಿಮೇಕ್ ಎಂಬ ಒಂದೇ ದಾರಿಯಲ್ಲಿ. ರವಿಚಂದ್ರನ್ ಅವರ ‘ರಾಮಾಚಾರಿ’ ತಮಿಳಿನ ‘ಚಿನ್ನ ತಂಬಿ’ಯಿಂದ ಬಂದದ್ದು, ‘ಹಳ್ಳಿ ಮೇಷ್ಟ್ರು’ ‘ಮುಂದಾನೈ ಮುಡಿಚ್ಚು’ವಿನಿಂದ ಬಂದದ್ದು, ವಿಷ್ಣುವರ್ಧನ್ ಅವರ ‘ಯಜಮಾನ’ ‘ವಾನತ್ತೈಪ್ಪೋಲ’ದಿಂದ ಬಂದದ್ದು ಎಂಬುದನ್ನು ಎಷ್ಟೋ ಮಂದಿ ಆ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡು ವರ್ಷಗಳು ಕಳೆದ ಮೇಲೆ ತಿಳಿದುಕೊಂಡರು. ಅವರ ಬಾಲ್ಯ ಆ ರಿಮೇಕ್‌ಗಳಲ್ಲೇ ಬೇರೂರಿದೆ. ಅದನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಇವತ್ತು ಮೂಲವೂ ರಿಮೇಕೂ ಎರಡೂ ಕೈಗೆಟಕುವಾಗ, ಒಂದು ಸಂಜೆಯ ಎರಡೂವರೆ ಗಂಟೆಯನ್ನು ಯಾವುದಕ್ಕೆ ಕೊಡಬೇಕೆಂದು ತೀರ್ಮಾನಿಸಲು ಹಳಹಳಿಕೆಯೊಂದೇ ಸಾಲದು.

ನಾನು ಇಂಥ ಹೊತ್ತಿನಲ್ಲಿ ಕೇಳಿಕೊಳ್ಳುವ ಮೊದಲ ಪ್ರಶ್ನೆ, ಕಥೆಯ ಕೀಲು ಎಲ್ಲಿದೆ ಎಂಬುದು. ಪ್ರತಿ ಗಟ್ಟಿ ಕಥೆಯಲ್ಲೂ ಉಳಿದೆಲ್ಲವನ್ನೂ ತಿರುಗಿಸುವ ಒಂದು ಕೀಲಿರುತ್ತದೆ, ಮತ್ತು ಆ ಕೀಲು ಬಹಳ ಸಲ ಒಂದು ನೆಲದ ಭಾಷೆಗೋ ಜಾತಿಗೋ ಮನೆತನದ ರೀತಿಗೋ ಬಿಗಿದುಕೊಂಡಿರುತ್ತದೆ. ರಿಮೇಕ್ ಮಾಡುವವರು ಅದಕ್ಕೆ ಸರಿಹೊಂದುವ ಇನ್ನೊಂದು ಕೀಲನ್ನು ತಮ್ಮ ನೆಲದಲ್ಲಿ ಹುಡುಕಿಕೊಂಡಿದ್ದಾರೆಯೇ ಎಂಬುದನ್ನು ನೋಡಬೇಕು. ಹುಡುಕಿಕೊಂಡಿದ್ದರೆ ಆ ಚಿತ್ರಕ್ಕೆ ತನ್ನದೇ ಬದುಕಿರುತ್ತದೆ. ಇಲ್ಲವಾದರೆ ಅದು ಬರೀ ಮುಖ ಬದಲಾದ ಚಿತ್ರ. ಎರಡನೆಯ ಪ್ರಶ್ನೆ, ಕಥೆಯ ಭಾರ ಯಾರ ಹೆಗಲ ಮೇಲಿದ್ದದ್ದು ಯಾರ ಹೆಗಲಿಗೆ ಬಂದಿದೆ ಎಂಬುದು. ದೊಡ್ಡ ತಾರೆಯೊಬ್ಬರು ಬಂದ ಕೂಡಲೇ ಇದು ಬದಲಾಗುತ್ತದೆ, ಮತ್ತು ಬದಲಾವಣೆ ಯಾವಾಗಲೂ ಕೆಡುಕೇ ಆಗಬೇಕೆಂದಿಲ್ಲ.

ಈ ಎರಡು ಪ್ರಶ್ನೆಗಳನ್ನು ಒರೆಗೆ ಹಚ್ಚಲು ‘ಮಣಿಚಿತ್ರತಾಳ್’ನ ಸಂತಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ಈ ಮಲಯಾಳಂ ಚಿತ್ರ 1993ರ ಡಿಸೆಂಬರ್‌ನಲ್ಲಿ ತೆರೆಕಂಡಿತು. ನಾಯಕಿ ಗಂಗೆಯ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪಿ. ವಾಸು ಅದನ್ನು 2004ರಲ್ಲಿ ಕನ್ನಡದಲ್ಲಿ ‘ಆಪ್ತಮಿತ್ರ’ವಾಗಿಯೂ ಮರುವರ್ಷ ತಮಿಳಿನಲ್ಲಿ ‘ಚಂದ್ರಮುಖಿ’ಯಾಗಿಯೂ ತಂದರು. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲೈಯಾ’ ಮಾಡಿದರು. ಅವರು ಮೂಲ ಚಿತ್ರದ ಎರಡನೆಯ ಘಟಕದಲ್ಲಿ ದೃಶ್ಯಗಳನ್ನು ಚಿತ್ರೀಕರಿಸಿದವರಲ್ಲಿ ಒಬ್ಬರಾಗಿದ್ದರು. ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಮಲಯಾಳಂ ಮೂಲದ ಕೊನೆಯ ನೃತ್ಯದಲ್ಲಿ ಶೋಭನಾ ಅವರ ಜೊತೆ ಹೆಜ್ಜೆ ಹಾಕಿದವರು ‘ಅಮೃತ ಘಳಿಗೆ’ಯ ನಮ್ಮ ಶ್ರೀಧರ್.

ಈ ಕಥೆಯ ಕೀಲು ಮುಚ್ಚಿದ ಕೋಣೆಯಲ್ಲೂ ಇಲ್ಲ, ದೆವ್ವದಲ್ಲೂ ಇಲ್ಲ. ಅದು ಇರುವುದು ಭಾಷೆಯಲ್ಲಿ. ಗಂಡನ ಜೊತೆ ಮಲಯಾಳಂನಲ್ಲಿ ಮೆಲುವಾಗಿ ಮಾತನಾಡುತ್ತಿದ್ದ ಹೆಣ್ಣು, ಹೊರಗೆ ಹೋಗುವುದು ಬೇಡವೆಂದು ಅವನು ತಡೆದ ಒಂದು ಗಳಿಗೆಯಲ್ಲಿ ಕತ್ತು ಓರೆ ಮಾಡುತ್ತಾಳೆ, ಕಣ್ಣು ಅಗಲವಾಗುತ್ತದೆ, ಬಾಯಿಂದ ತಮಿಳು ಹೊರಡುತ್ತದೆ, ಕೈ ಒಂದೇ ಎಳೆತಕ್ಕೆ ಭಾರದ ಮಂಚವನ್ನು ಎತ್ತುತ್ತದೆ. ಮಂಚ ಎದ್ದದ್ದಕ್ಕಿಂತ ಭಾಷೆ ಬದಲಾದದ್ದೇ ಮಲಯಾಳಿಗಳ ಎದೆ ನಡುಗಿಸಿತು ಎಂದು ನಾನು ನಂಬುತ್ತೇನೆ. ಕಾಯಿಲೆಯಲ್ಲಿ ಗಂಗೆ ತಾನೇ ಅವಳೆಂದುಕೊಳ್ಳುವ, ಹಿಂದೆಂದೋ ತಂಜಾವೂರಿನಿಂದ ತಂದು ಕೂಡಿಹಾಕಿದ್ದ ನರ್ತಕಿ ನಾಗವಲ್ಲಿಯ ನುಡಿ ತಮಿಳು. ಆ ಮನೆಯಲ್ಲಿ ಅವಳು ಎಂದೆಂದಿಗೂ ಪರಕೀಯಳು. ಒಂದು ಮನಸ್ಸಿನೊಳಗೆ ಇನ್ನೊಂದು ಜೀವ ವಾಸವಾಗಿದೆ ಎಂಬುದನ್ನು ತೋರಿಸಲು ಇದಕ್ಕಿಂತ ಸಹಜವಾದ ಸಾಧನ ಬೇರೆ ಇಲ್ಲ.

ಇಲ್ಲಿಯೇ ‘ಆಪ್ತಮಿತ್ರ’ ಗೆಲ್ಲುತ್ತದೆ. ಕನ್ನಡದ ನಾಗವಲ್ಲಿ ತೆಲುಗಿನವಳು. ಆಂಧ್ರದ ಗಡಿಗೆ ಅಂಟಿಕೊಂಡ ಕೋಲಾರ ಜಿಲ್ಲೆಯಲ್ಲಿ ಹುಟ್ಟಿ, ತೆಲುಗು ಚಿತ್ರರಂಗದಲ್ಲಿ ಬಹು ದೊಡ್ಡ ಹೆಸರು ಮಾಡಿದ ಸೌಂದರ್ಯ ಅವರು ಕನ್ನಡದಿಂದ ತೆಲುಗಿಗೆ ಜಾರುವಾಗ ಅದು ಎಲ್ಲೂ ಕಲಿತು ಒಪ್ಪಿಸಿದಂತೆ ಕಾಣುವುದಿಲ್ಲ. ‘ರಾ ರಾ’ ಎಂಬ ಹಾಡಿನ ಸಾಲುಗಳ ಅರ್ಥ ತಿಳಿಯದಿದ್ದರೂ ಅದರ ಕರೆ ಕರ್ನಾಟಕದ ಯಾವ ಮೂಲೆಯವನಿಗೂ ತಾಕಿತು, ಏಕೆಂದರೆ ತೆಲುಗು ನಮಗೆ ಪೂರ್ತಿ ಅಪರಿಚಿತವೂ ಅಲ್ಲ, ಪೂರ್ತಿ ಮನೆಯ ಮಾತೂ ಅಲ್ಲ. ಮಲಯಾಳಿಗೆ ತಮಿಳು ಹೇಗೋ ಹಾಗೆ. ಹಿಂದಿಯವರು ಇದನ್ನು ಬಂಗಾಳಿಗೆ ಬದಲಿಸಿ ತಮ್ಮ ಮಂಜುಲಿಕೆಯನ್ನು ಮಾಡಿಕೊಂಡರು. ಅದೂ ಸರಿಯಾದ ಆಯ್ಕೆಯೇ, ವಿದ್ಯಾ ಬಾಲನ್ ಅದನ್ನು ನಿಭಾಯಿಸಿದರು. ತಮಿಳಿನಲ್ಲಿ ಮಾತ್ರ ಮೂಲದ ನಾಗವಲ್ಲಿಯ ಭಾಷೆಯೇ ಮನೆಯ ಭಾಷೆಯಾಗಿಬಿಡುವ ತೊಡಕಿತ್ತು, ಆದ್ದರಿಂದ ಅಲ್ಲಿಯೂ ತೆಲುಗು ಬಂತು.

ಭಾರದ ಪ್ರಶ್ನೆಗೆ ಬಂದರೆ ಚಿತ್ರಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಮೂಲದಲ್ಲಿ ಮನೋವೈದ್ಯ ಸನ್ನಿ ಆಗಿ ಮೋಹನ್‌ಲಾಲ್ ಬರುವುದು ಬಹಳ ತಡವಾಗಿ. ಅಷ್ಟು ಹೊತ್ತಿಗೆ ನಾವು ಆ ಮನೆಯಲ್ಲಿ ಸಾಕಷ್ಟು ಓಡಾಡಿ, ಗಂಗೆಯ ಜೊತೆ ಪರಿಚಯ ಬೆಳೆಸಿಕೊಂಡು, ತಪ್ಪಾದ ವ್ಯಕ್ತಿಯ ಮೇಲೆ ಅನುಮಾನವನ್ನೂ ಪಟ್ಟಿರುತ್ತೇವೆ. ‘ಚಂದ್ರಮುಖಿ’ಯಲ್ಲಿ ರಜನಿಕಾಂತ್ ಆರಂಭದಲ್ಲೇ ಹೊಡೆದಾಟ ಮತ್ತು ಹಾಡಿನೊಂದಿಗೆ ಬರುತ್ತಾರೆ, ಅಲ್ಲಿಂದ ಮುಂದೆ ಚಿತ್ರ ಅವರದು; ಜ್ಯೋತಿಕಾ ಕೊನೆಯಲ್ಲಿ ಅದನ್ನು ತಮ್ಮ ಕಡೆಗೆ ಸೆಳೆದುಕೊಳ್ಳಲು ಹೆಣಗಬೇಕಾಗುತ್ತದೆ. ‘ಆಪ್ತಮಿತ್ರ’ ಇವೆರಡರ ನಡುವೆ ನಿಲ್ಲುತ್ತದೆ. ವಿಷ್ಣುವರ್ಧನ್ ಅವರ ವರ್ಚಸ್ಸಿಗೆ ತಕ್ಕಂತೆ ವೈದ್ಯನ ಪಾತ್ರ ಹಿಗ್ಗಿದೆ, ಆದರೆ ಗಂಗೆಯ ಸಂಕಟವನ್ನು ಅದು ನುಂಗಿಲ್ಲ. ಹೆಂಡತಿಗೆ ಏನಾಗಿದೆ ಎಂದು ತಿಳಿದ ಗಂಡನಾಗಿ ರಮೇಶ್ ಅರವಿಂದ್ ತೋರುವ ತಬ್ಬಿಬ್ಬು ಕೂಡ ನೆನಪಿನಲ್ಲಿ ಉಳಿಯುವಂಥದ್ದು.

ಇನ್ನು ಹಳಹಳಿಕೆಯ ಲೆಕ್ಕ. ಸೌಂದರ್ಯ ಅವರು 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ಆಪ್ತಮಿತ್ರ’ ಬಿಡುಗಡೆಯಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಚಿತ್ರಮಂದಿರದಲ್ಲಿ ಕುಳಿತಿದ್ದ ನಮಗೆಲ್ಲ ತೆರೆಯ ಮೇಲಿನ ಹೆಣ್ಣು ಈಗಿಲ್ಲ ಎಂಬುದು ಗೊತ್ತಿತ್ತು. ಸತ್ತ ನರ್ತಕಿಯೊಬ್ಬಳು ಬದುಕಿರುವ ಹೆಣ್ಣಿನ ದೇಹದಲ್ಲಿ ಕುಣಿಯುವ ದೃಶ್ಯವನ್ನು, ಕುಣಿಯುತ್ತಿರುವ ಕಲಾವಿದೆಯೇ ತೀರಿಕೊಂಡ ನಾಲ್ಕು ತಿಂಗಳಿಗೆ ನೋಡುವುದೆಂದರೆ ಏನು ಎಂಬುದನ್ನು ಆಗ ಅಲ್ಲಿದ್ದವರೇ ಬಲ್ಲರು. ನನ್ನ ಅಮ್ಮ ‘ರಾ ರಾ’ ಮುಗಿಯುವವರೆಗೂ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡೇ ಇದ್ದರು. ಈ ಅನುಭವ ಚಿತ್ರದೊಳಗೆ ಇರುವಂಥದ್ದಲ್ಲ. ಆ ವರ್ಷ, ಆ ಜನ, ಆ ಸುದ್ದಿ ಸೇರಿ ಆದದ್ದು. ಇಂದು ಹೊಸದಾಗಿ ನೋಡುವ ಇಪ್ಪತ್ತರ ಹುಡುಗಿಗೆ ಅದು ಸಿಗಲಾರದು, ಸಿಗದಿದ್ದರೆ ಅವಳ ದೋಷವೂ ಅಲ್ಲ. ಅಮ್ಮನಿಗೆ ಮಲಯಾಳಂ ಚಿತ್ರವನ್ನು ಸಬ್‌ಟೈಟಲ್ ಓದಿ ಹೇಳುತ್ತ ತೋರಿಸಿದ್ದು ಬಹಳ ತಡವಾಗಿ. ಮಂಚದ ದೃಶ್ಯದವರೆಗೂ ಅವರು ‘ನಮ್ಮ ಗಂಗೆ ಹೀಗಲ್ಲ’ ಎನ್ನುತ್ತಲೇ ಅವರೆಕಾಯಿ ಸುಲಿಯುತ್ತಿದ್ದರು. ನೃತ್ಯ ಶುರುವಾಗಿ, ಒಮ್ಮೆ ಧೂಳು ಹಿಡಿದ ಪಾಳು ಕೋಣೆಯೂ ಇನ್ನೊಮ್ಮೆ ಗಂಗೆಯ ಕಣ್ಣಿಗೆ ಮಾತ್ರ ಕಾಣುವ ಬೆಳಕಿನ ಆಸ್ಥಾನವೂ ಬದಲಾಗುತ್ತ ಬಂದಾಗ ಅವರ ಕೈ ನಿಂತಿತು. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: ‘ಇವಳೂ ಪಾಪದವಳೇ.’

ಆದ್ದರಿಂದ ಈ ಕಥೆಯ ವಿಷಯದಲ್ಲಿ ನನ್ನ ತೀರ್ಮಾನ ಹೀಗೆ. ಹೊಸದಾಗಿ ನೋಡುವವರು, ಒಂದನ್ನೇ ನೋಡುವುದಾದರೆ, ಮಲಯಾಳಂ ಮೂಲವನ್ನೇ ನೋಡಲಿ. ಗಂಗೆಯ ಬಾಲ್ಯಕ್ಕೂ ಅವಳ ಕಾಯಿಲೆಗೂ ನಡುವಿನ ಎಳೆಗಳನ್ನು ಅದು ಕೊಟ್ಟಷ್ಟು ಸಾವಧಾನವಾಗಿ ಬೇರೆ ಯಾವುದೂ ಕೊಟ್ಟಿಲ್ಲ, ಮತ್ತು 2024ರಲ್ಲಿ ಅದು 4ಕೆ ರೂಪದಲ್ಲಿ ಶುಚಿಗೊಂಡು ಮತ್ತೆ ಚಿತ್ರಮಂದಿರಕ್ಕೆ ಬಂದಿದೆ. ಮಕ್ಕಳು, ಅಜ್ಜಿ, ತಾತ ಎಲ್ಲರೂ ಸೇರಿ ಕನ್ನಡದಲ್ಲೇ ನೋಡಬೇಕೆಂದರೆ ‘ಆಪ್ತಮಿತ್ರ’ ಯಾವ ಸಂಕೋಚಕ್ಕೂ ಎಡೆಯಿಲ್ಲದ ಆಯ್ಕೆ. ರಜನಿಕಾಂತ್ ಅವರನ್ನು ನೋಡುವುದೇ ಉದ್ದೇಶವಾದರೆ ‘ಚಂದ್ರಮುಖಿ’. ಹಿಂದಿಯದನ್ನು ಮೊದಲ ಮೂರರಲ್ಲಿ ಒಂದನ್ನಾದರೂ ನೋಡಿದವರು ಬಿಡಬಹುದು.

‘ದೃಶ್ಯಂ’ ಬೇರೆ ಬಗೆಯ ಪ್ರಕರಣ. 2013ರಲ್ಲಿ ಜೀತು ಜೋಸೆಫ್ ಮಲಯಾಳಂನಲ್ಲಿ ಮಾಡಿದ ಈ ಚಿತ್ರ ಕನ್ನಡ, ತೆಲುಗು, ತಮಿಳು, ಹಿಂದಿಗಳನ್ನು ದಾಟಿ ಸಿಂಹಳ ಮತ್ತು ಚೀನೀ ಭಾಷೆಗಳವರೆಗೆ ಹೋಯಿತು. ಅಷ್ಟು ದೂರ ಹೋಗಲು ಕಾರಣ, ಅದರ ಕೀಲು ಯಾವ ಒಂದು ನೆಲಕ್ಕೂ ಬಿಗಿದಿಲ್ಲದಿರುವುದು. ಸಿನಿಮಾ ನೋಡಿ ನೋಡಿ ಕಲಿತ ಕೇಬಲ್ ಟೀವಿಯವನೊಬ್ಬ, ತನ್ನ ಕುಟುಂಬವನ್ನು ಉಳಿಸಿಕೊಳ್ಳಲು ಬಸ್ ಕಂಡಕ್ಟರ್, ಹೋಟೆಲಿನವ, ಚಿತ್ರಮಂದಿರದ ಆಪರೇಟರ್ ಮುಂತಾದವರ ನೆನಪಿನಲ್ಲಿ ಒಂದು ತಾರೀಖನ್ನು ನೆಡುತ್ತಾನೆ. ಅವರು ಅವನನ್ನು ನೋಡಿದ್ದು ನಿಜ, ತಾರೀಖು ಮಾತ್ರ ಸುಳ್ಳು; ಪದೇ ಪದೇ ಕೇಳಿದ್ದರಿಂದ ಅದೂ ನಿಜವಾಗಿಬಿಡುತ್ತದೆ. ಸಿನಿಮಾಗಳ ಬಗ್ಗೆ ನಮ್ಮ ಹಳಹಳಿಕೆ ಕೆಲಸ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ ಎಂದು ನನಗೆ ಅನ್ನಿಸಿದೆ: ಚಿತ್ರ ನೋಡಿದ್ದು ನಿಜ, ಅದರ ಸುತ್ತ ನಾವು ಮತ್ತೆ ಮತ್ತೆ ಹೇಳಿಕೊಂಡು ಕಟ್ಟಿದ್ದು ಇನ್ನೊಂದು.

ಕನ್ನಡದ ‘ದೃಶ್ಯ’ 2014ರಲ್ಲಿ ಬಂತು, ನಿರ್ದೇಶನ ಮತ್ತೆ ಪಿ. ವಾಸು ಅವರದೇ. ಪ್ರೇಮಿಯಾಗಿ ಹೆಸರಾದ ರವಿಚಂದ್ರನ್ ಇಲ್ಲಿ ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ ಕಾಣಿಸಿಕೊಂಡದ್ದು ಪ್ರೇಕ್ಷಕರಿಗೆ ತಮ್ಮ ವಯಸ್ಸನ್ನೇ ನೆನಪಿಸಿದಂತಾಯಿತು. ಹಳಹಳಿಕೆ ಚಿತ್ರಕ್ಕೆ ನೆರವಾದ ಒಳ್ಳೆಯ ಉದಾಹರಣೆ ಇದು. ಮಗನನ್ನು ಕಳೆದುಕೊಂಡ ಪೊಲೀಸ್ ಅಧಿಕಾರಿಯಾಗಿ ಮಲಯಾಳಂ, ಕನ್ನಡ, ತಮಿಳು ಮೂರರಲ್ಲೂ ಆಶಾ ಶರತ್ ಅವರೇ ಇರುವುದರಿಂದ ಆ ಭಾಗಗಳನ್ನು ಹೋಲಿಸುವುದು ಸುಲಭ. ತಮಿಳಿನ ‘ಪಾಪನಾಶಂ’ನಲ್ಲಿ ಮೂಲ ನಿರ್ದೇಶಕರೇ ಕಮಲ್ ಹಾಸನ್ ಅವರಿಂದ ತಿರುನೆಲ್ವೇಲಿಯ ಆಡುನುಡಿಯಲ್ಲಿ ಮಾತನಾಡಿಸಿ ಕಥೆಗೆ ಹೊಸ ಮಣ್ಣು ಕೊಟ್ಟರು. ಚೀನೀ ರೂಪದಲ್ಲಿ ನಾಯಕ ಕೊನೆಗೆ ತಪ್ಪೊಪ್ಪಿಕೊಂಡು ಶರಣಾಗುತ್ತಾನೆ. ಅಲ್ಲಿಗೆ ಕಥೆಯ ಕೀಲೇ ಬೇರೆಯಾಯಿತು. ಇಂಥ ಒಗಟಿನ ಕಥೆಗಳಲ್ಲಿ ಮೊದಲು ನೋಡಿದ್ದೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಕುತೂಹಲ ಖರ್ಚಾಗುವುದು ಒಂದೇ ಸಲ. ಇನ್ನೂ ನೋಡದವರು ತಮಗೆ ಸಬ್‌ಟೈಟಲ್ ಇಲ್ಲದೆ ಅರ್ಥವಾಗುವ ಭಾಷೆಯದನ್ನೇ ನೋಡುವುದು ಲೇಸು. ಸಾಕ್ಷಿಗಳ ಮಾತಿನ ಸಣ್ಣ ತೊದಲು, ಮಕ್ಕಳ ಮುಖದ ಅಳುಕು ಕಣ್ತಪ್ಪಬಾರದು. ಅಡಿಬರಹ ಓದುವ ಕಣ್ಣಿಗೆ ಅವು ತಪ್ಪುತ್ತವೆ.

ರಿಮೇಕ್ ಸೋತರೆ ದೋಷ ನಿರ್ದೇಶಕನ ಅಸಾಮರ್ಥ್ಯದ್ದು ಎಂದು ಹೇಳುವವರಿಗೆ ‘ನಾಗರಹಾವು’ ಉತ್ತರ ಕೊಡುತ್ತದೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಅದನ್ನು ಮಾಡಿದ ಪುಟ್ಟಣ್ಣ ಕಣಗಾಲ್ ಅವರೇ, ಎರಡು ವರ್ಷಗಳ ನಂತರ ರಿಷಿ ಕಪೂರ್ ಅವರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಮಾಡಿದರು. ಅದೇ ಕಥೆ, ಅದೇ ಕೈ. ಆದರೂ ಅದು ನಿಲ್ಲಲಿಲ್ಲ, ಆರ್.ಡಿ. ಬರ್ಮನ್ ಸಂಗೀತದಲ್ಲಿ ಕಿಶೋರ್ ಕುಮಾರ್ ಹಾಡಿದ ‘ಓ ಹಂಸಿನಿ’ ಒಂದು ಮಾತ್ರ ಜನರ ಬಾಯಲ್ಲಿ ಉಳಿಯಿತು. ‘ನಾಗರಹಾವು’ವಿನ ನಾಯಕ ರಾಮಾಚಾರಿಯ ಹಟವನ್ನು ನಾವು ಒಪ್ಪಿಕೊಳ್ಳುವುದು ಚಿತ್ರದುರ್ಗದ ಕೋಟೆಯ ಕಲ್ಲುಗಳ ನಡುವೆ, ಓಬವ್ವನ ಕಥೆ ಬೆನ್ನಿಗಿರುವಾಗ, ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರ ಮಾತಿಗೆ ಅವನು ತಲೆಬಾಗುವಾಗ. ಆ ಗುರುವಿನ ಮೇಲಿನ ಭಕ್ತಿ, ಆ ಮಡಿವಂತ ಮನೆ, ಆ ಬಯಲುಸೀಮೆಯ ಬಿಸಿಲು ಇವೆಲ್ಲ ಸೇರಿ ಕೀಲಾಗಿದ್ದವು. ಹಿಂದಿಯ ಪ್ರೇಕ್ಷಕನಿಗೆ ಅದಕ್ಕೆ ಸಮನಾದುದು ಸಿಗಲಿಲ್ಲ. ಇಲ್ಲಿ ಆಯ್ಕೆಗೆ ಜಾಗವೇ ಇಲ್ಲ, ಕನ್ನಡದ್ದನ್ನೇ ನೋಡಬೇಕು. ಹಿಂದಿಯದು ಪುಟ್ಟಣ್ಣ ಅವರನ್ನು ಅಭ್ಯಾಸ ಮಾಡುವವರಿಗೆ.

ಮರಾಠಿಯ ‘ಸೈರಾಟ್’ ಕೂಡ ಹೀಗೆ ನೆಲಕ್ಕೆ ಬಿಗಿದದ್ದು. ಅದರ ಕೀಲು ಜಾತಿ. ಹಿಂದಿಯ ‘ಧಡಕ್’ ಅದನ್ನು ಹಿಂದಕ್ಕೆ ಸರಿಸಿ ಪ್ರೇಮವನ್ನಷ್ಟೇ ಮುಂದಿಟ್ಟಿತು. ಕನ್ನಡದ ‘ಮನಸು ಮಲ್ಲಿಗೆ’ಯಲ್ಲಿ ಮೂಲದ ನಾಯಕಿ ರಿಂಕು ರಾಜಗುರು ಅವರೇ ನಟಿಸಿದರೂ ಮೂಲದ ಬಿಸಿ ಬರಲಿಲ್ಲ. ಮೂಲವನ್ನೇ ನೋಡಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಹಾಲಿವುಡ್‌ನಲ್ಲಿ ಗಸ್ ವ್ಯಾನ್ ಸ್ಯಾಂಟ್ 1998ರಲ್ಲಿ ಹಿಚ್‌ಕಾಕ್ ಅವರ 1960ರ ‘ಸೈಕೋ’ವನ್ನು ಬಣ್ಣದಲ್ಲಿ, ಹೆಚ್ಚುಕಡಿಮೆ ಒಂದೊಂದು ಶಾಟ್ ಕೂಡ ಹಾಗೆಹಾಗೆಯೇ ಇರುವಂತೆ ಮತ್ತೆ ತೆಗೆದರು. ನಿಷ್ಠೆಯೊಂದೇ ರಿಮೇಕ್ ಅನ್ನು ಉಳಿಸುವುದಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೂಲ ಮತ್ತು ರಿಮೇಕ್‌ಗಳ ನಡುವೆ ಮೂರನೆಯ ದಾರಿಯೊಂದಿದೆ, ಹಳಹಳಿಕೆಯ ನೇರ ಕರೆಗೆ ಓಗೊಡುವ ದಾರಿ: ಹಳೆಯ ಚಿತ್ರವನ್ನೇ ಶುಚಿಗೊಳಿಸಿ ಅಥವಾ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡುವುದು. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹೊತ್ತು ಬಂದವು. 2018ರಲ್ಲಿ ‘ನಾಗರಹಾವು’ ಹೊಸ ಧ್ವನಿ ಜೋಡಣೆಯೊಂದಿಗೆ ಬಂತು. ‘ಓಂ’ ಚಿತ್ರವಂತೂ 1995ರಿಂದ ಎಷ್ಟು ಸಲ ಮರುಬಿಡುಗಡೆಯಾಗಿದೆ ಎಂಬುದೇ ಒಂದು ದಾಖಲೆಯ ಮಾತಾಗಿದೆ. ಧ್ವನಿ ಮತ್ತು ಪ್ರಿಂಟ್ ಸ್ವಚ್ಛಗೊಳಿಸುವುದನ್ನು ನಾನು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇನೆ. ಬಣ್ಣದ ವಿಷಯದಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ‘ಕಸ್ತೂರಿ ನಿವಾಸ’ದ ರವಿವರ್ಮ ಇದ್ದದ್ದನ್ನೆಲ್ಲ ಕೊಟ್ಟು ಬರಿಗೈಯಾಗುವ ಕಥೆಗೆ ಕಪ್ಪು ಬಿಳುಪಿನ ನೆರಳುಗಳು ಒಗ್ಗಿಕೊಂಡಿದ್ದವು, ರಾಜ್‌ಕುಮಾರ್ ಅವರ ಮುಖದ ಮೇಲೆ ಬೆಳಕು ಬೀಳುತ್ತಿದ್ದ ರೀತಿ ಬಣ್ಣಕ್ಕಾಗಿ ಯೋಜಿಸಿದ್ದಲ್ಲ. ಆದರೂ ಆ ಬಣ್ಣದ ನೆಪದಲ್ಲಿ ಹೊಸ ತಲೆಮಾರಿನವರು ಚಿತ್ರಮಂದಿರಕ್ಕೆ ಹೋಗಿ ದೊಡ್ಡ ಪರದೆಯ ಮೇಲೆ ಆ ಚಿತ್ರ ನೋಡಿದರೆಂಬುದು ಸಣ್ಣ ಲಾಭವಲ್ಲ. ಇದೇ ಕಥೆಯ ಹಿಂದಿ ರೂಪವಾದ ‘ಶಾನ್‌ದಾರ್’ನಲ್ಲಿ ಸಂಜೀವ್ ಕುಮಾರ್, ತಮಿಳಿನ ‘ಅವನ್‌ದಾನ್ ಮನಿದನ್’ನಲ್ಲಿ ಶಿವಾಜಿ ಗಣೇಶನ್ ಇದ್ದಾರೆ. ಶಿವಾಜಿಯವರದನ್ನು ಒಮ್ಮೆ ನೋಡಬೇಕು: ಒಂದೇ ಔದಾರ್ಯವನ್ನು ರಾಜ್‌ಕುಮಾರ್ ತಗ್ಗಿದ ದನಿಯಲ್ಲಿ, ಶಿವಾಜಿ ತುಂಬಿದ ದನಿಯಲ್ಲಿ ಹೇಗೆ ತೋರುತ್ತಾರೆ ಎಂಬುದು ಅಭಿನಯವನ್ನು ಪ್ರೀತಿಸುವವರಿಗೆ ದೊಡ್ಡ ಪಾಠ.

ಎರಡನ್ನೂ ನೋಡುವ ಮನಸ್ಸಿದ್ದವರು ಒಂದರ ಬೆನ್ನಿಗೇ ಇನ್ನೊಂದನ್ನು ನೋಡಬಾರದು. ಹಾಗೆ ಮಾಡಿದರೆ ಎರಡನೆಯದರ ಪ್ರತಿ ದೃಶ್ಯವನ್ನೂ ಮೊದಲನೆಯದರ ಪಕ್ಕಕ್ಕಿಟ್ಟು ಅಳೆಯುವುದರಲ್ಲೇ ಹೊತ್ತು ಹೋಗುತ್ತದೆ. ಕೆಲವು ತಿಂಗಳಾದರೂ ಬಿಡಬೇಕು. ಬಾಲ್ಯದಲ್ಲಿ ಮೆಚ್ಚಿದ ರಿಮೇಕ್ ಈಗಲೂ ಹಾಗೆಯೇ ಇದೆಯೇ ಎಂದು ತಿಳಿಯಲು, ನಿಮಗೆ ಬಾಯಿಪಾಠವಾಗಿರುವ ಹಾಡುಗಳನ್ನು ಬಿಟ್ಟು, ಮರೆತೇಹೋಗಿರುವ ಒಂದು ಸಾಮಾನ್ಯ ದೃಶ್ಯವನ್ನು ಆರಿಸಿ ನೋಡಿ. ಹಾಡು ನೆನಪಿನ ಕೈ ಹಿಡಿದು ಎಳೆಯುತ್ತದೆ, ಊಟದ ಮನೆಯ ಮಾತುಕತೆಯೋ ಅಂಗಳದ ಜಗಳವೋ ಹಾಗೆ ಎಳೆಯುವುದಿಲ್ಲ. ಆ ದೃಶ್ಯದಲ್ಲಿ ಜನ ನಮ್ಮ ಜನರಂತೆ ಮಾತನಾಡುತ್ತಿದ್ದರೆ ಆ ರಿಮೇಕ್ ಗಟ್ಟಿಯಾದದ್ದು. ಬೇರೆ ಭಾಷೆಯ ವಾಕ್ಯವೊಂದು ಕನ್ನಡದ ಕೆಳಗೆ ಅಡಗಿ ಕುಳಿತಂತೆ ಕೇಳಿಸಿದರೆ, ನೀವು ಮೆಚ್ಚಿದ್ದು ಆ ಕಾಲವನ್ನು.

ಹೊರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಕನ್ನಡ ಕಿವಿಗೆ ಬೀಳಲಿ ಎಂದು ಚಿತ್ರ ತೋರಿಸುವ ತಂದೆತಾಯಿಗಳಿಗೆ ಲೆಕ್ಕ ಬೇರೆಯಿದೆ. ಅವರಿಗೆ ರಿಮೇಕ್ ಎಂಬುದು ಅಡ್ಡಿಯೇ ಅಲ್ಲ. ಆ ಮಕ್ಕಳಿಗೆ ಯಾವುದೂ ಮೊದಲೇ ನೋಡಿದ್ದಲ್ಲ. ಅಂಥವರು ‘ಆಪ್ತಮಿತ್ರ’ದಿಂದ ಶುರುಮಾಡಲಿ, ಅದು ಹಿಡಿಸಿದರೆ ಆಮೇಲೊಂದು ರಜೆಯಲ್ಲಿ ‘ನಾಗರಹಾವು’ ತೋರಿಸಲಿ, ಮಕ್ಕಳು ಸಬ್‌ಟೈಟಲ್ ಸರಾಗವಾಗಿ ಓದುವಷ್ಟು ದೊಡ್ಡವರಾದಾಗ ಶೋಭನಾ ಅವರ ಗಂಗೆಯನ್ನು ಪರಿಚಯಿಸಲಿ.